ಸಣ್ಣ ಕಾರು, ಹಿಂದೊಂದು ಕ್ಯಾರವಾನ್

ಕಾರಿನ ಹಿಂದೆ ಕೊಂಡಿಗೆ ಸಿಕ್ಕಿಸಿ ಎಳೆದೊಯ್ಯುವ, ಸ್ವಂತ ಎಂಜಿನ್ ಇಲ್ಲದ ಗಾಲಿಮನೆಗೆ ಬ್ರಿಟನ್ನಿನಲ್ಲಿ ಟೂರಿಂಗ್ ಕ್ಯಾರವಾನ್ ಎಂದು ಹೆಸರು. ಹಾಸಿಗೆ, ಒಲೆ, ಸಿಂಕು, ಪುಟ್ಟದೊಂದು ಶೌಚಾಲಯ ಎಲ್ಲವನ್ನೂ ಸಾಮಾನ್ಯವಾಗಿ ಒಂದೇ ಅಚ್ಚಿನ ಮೇಲೆ ಹೊತ್ತಿರುವ ಪೆಟ್ಟಿಗೆ ಇದು. ಭಾರತದಲ್ಲಿ ಕ್ಯಾರವಾನ್ ಎಂದರೆ ಬಹುಮಟ್ಟಿಗೆ ವ್ಯಾನನ್ನೋ ಬಸ್ಸನ್ನೋ ಮಾರ್ಪಡಿಸಿ ಮಾಡಿದ, ತಾನೇ ಓಡುವ ವಾಹನ. ಕನ್ನಡ ಸಿನಿಮಾ ಚಿತ್ರೀಕರಣದ ಜಾಗದಲ್ಲಿ ನಟರು ಕೂರುವ ಕ್ಯಾರವಾನ್ ಈ ಎರಡನೆಯ ಜಾತಿಯದು. ಎಳೆಯುವ ಕ್ಯಾರವಾನಿನ ಸಮಸ್ಯೆಗಳೇ ಬೇರೆ. ಅದನ್ನು ಸಣ್ಣ ಕುಟುಂಬದ ಕಾರಿಗೆ ಕಟ್ಟಿದಾಗ ಎದುರಾಗುವ ಅಪಾಯಗಳಲ್ಲಿ ಹೆಚ್ಚಿನವು ಚಾಲಕನ ಕೈಚಳಕಕ್ಕಿಂತ ತೂಕದ ಲೆಕ್ಕಕ್ಕೆ ಸಂಬಂಧಿಸಿದವು. ಗಾಡಿ ಮನೆಯಂಗಳದಲ್ಲಿ ನಿಂತಿರುವಾಗಲೇ ಅವು ಹುಟ್ಟಿಕೊಂಡಿರುತ್ತವೆ.

ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಹೆಸರಾದದ್ದು 1885ರಲ್ಲಿ ಬ್ರಿಸ್ಟಲ್ ವ್ಯಾಗನ್ ವರ್ಕ್ಸ್ ತಯಾರಿಸಿದ ‘ವಾಂಡರರ್’. ನೌಕಾಪಡೆಯಲ್ಲಿ ವೈದ್ಯನಾಗಿದ್ದು ಮುಂದೆ ಹುಡುಗರ ಸಾಹಸಕಥೆಗಳಿಂದ ಪ್ರಸಿದ್ಧನಾದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಅದನ್ನು ಕುದುರೆಗಳಿಗೆ ಹೂಡಿ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದ. 1907ರಲ್ಲಿ ಕ್ಯಾರವಾನ್ ಕ್ಲಬ್ ಸ್ಥಾಪನೆಯಾಯಿತು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಬರ್ಮಿಂಗ್‌ಹ್ಯಾಮಿನ ಎಕಲ್ಸ್ ಕಂಪನಿ ಕಾರಿನಿಂದ ಎಳೆಯುವ ಕ್ಯಾರವಾನುಗಳನ್ನು ಮಾರಾಟಕ್ಕೆ ತಯಾರಿಸತೊಡಗಿತು. ಜರ್ಮನಿಯಲ್ಲಿ ಆರಿಸ್ಟ್ ಡೆಥ್ಲೆಫ್ಸ್ 1931ರಲ್ಲಿ ತನ್ನ ಮೊದಲ ‘ವೋನ್ಆಟೋ’ ಕಟ್ಟಿದ್ದು ವ್ಯಾಪಾರದ ತಿರುಗಾಟದಲ್ಲಿ ಸಂಸಾರ ಜೊತೆಗಿರಲೆಂದು. ಸಣ್ಣ ಕಾರುಗಳ ದೃಷ್ಟಿಯಿಂದ ಮುಖ್ಯವಾದ ಹೆಸರು ಎರಿಬಾ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ರಾಕೆಟ್ ಚಾಲಿತ ಯುದ್ಧವಿಮಾನ ‘ನಾಟರ್’ ರೂಪಿಸಿದ ಎರಿಕ್ ಬಾಹೆಮ್ ಎಂಬ ಎಂಜಿನಿಯರನೇ 1950ರ ದಶಕದ ಕೊನೆಗೆ ಎರ್ವಿನ್ ಹೈಮರ್ ಜೊತೆ ಸೇರಿ, ಉಕ್ಕಿನ ಕೊಳವೆಗಳ ಹಂದರದ, ಗುಂಡಗಿನ ಬೆನ್ನಿನ ಹಗುರ ಕ್ಯಾರವಾನುಗಳನ್ನು ತಂದ. ಅವನ ಹೆಸರಿನ ಮೊದಲಕ್ಷರಗಳಿಂದಲೇ ಆ ಬ್ರ್ಯಾಂಡ್ ಹುಟ್ಟಿತು. ಆ ಕಾಲದ ಯುರೋಪಿನ ಕಾರುಗಳಿಗೆ ಶಕ್ತಿ ಕಡಿಮೆ. ಹಿಂದೆ ಕಟ್ಟುವುದನ್ನು ಹಗುರ ಮಾಡದೆ ಬೇರೆ ದಾರಿ ಇರಲಿಲ್ಲ.

ತೂಕದ ಲೆಕ್ಕದಲ್ಲಿ ಮೊದಲು ಬರುವುದು ಕಾರಿನ ಕರ್ಬ್ ತೂಕ, ಅಂದರೆ ಪ್ರಯಾಣಿಕರೂ ಸಾಮಾನೂ ಇಲ್ಲದ, ಇಂಧನ ತುಂಬಿದ ಕಾರಿನ ತೂಕ. ಕೆಲವು ಕಂಪನಿಗಳು ಇದರಲ್ಲಿ ಚಾಲಕನ ಪಾಲೆಂದು 75 ಕಿಲೋ ಸೇರಿಸಿಕೊಳ್ಳುವುದರಿಂದ ಎರಡು ಕಾರುಗಳ ಅಂಕಿಗಳನ್ನು ಕಣ್ಣುಮುಚ್ಚಿ ಹೋಲಿಸುವಂತಿಲ್ಲ. ಕ್ಯಾರವಾನಿಗೂ ಎರಡು ತೂಕಗಳಿವೆ: ಕಾರ್ಖಾನೆಯಿಂದ ಹೊರಬಂದಾಗಿನದು ಒಂದು, ಸಾಮಾನು ತುಂಬಿ ಮೀರಬಾರದ ಗರಿಷ್ಠ ತೂಕ ಇನ್ನೊಂದು. ಇವೆರಡರ ನಡುವಿನ ವ್ಯತ್ಯಾಸವೇ ಕುಟುಂಬ ಹೇರಬಹುದಾದ ಸಾಮಾನಿನ ಮಿತಿ. ಚಿಕ್ಕ ಕ್ಯಾರವಾನುಗಳಲ್ಲಿ ಈ ಮಿತಿ ಅನೇಕ ವೇಳೆ ನೂರರಿಂದ ನೂರೈವತ್ತು ಕಿಲೋ ಅಷ್ಟೆ. ಹೊರಗೆ ಕಟ್ಟುವ ಡೇರೆಯ ಚಪ್ಪರ, ಬ್ಯಾಟರಿ, ನೀರಿನ ಡ್ರಮ್ಮು, ಮಡಚುವ ಕುರ್ಚಿಗಳು, ಪಾತ್ರೆಪಡಗ, ಡಬ್ಬಿಗಟ್ಟಿದ ತಿಂಡಿ ಸೇರಿದರೆ ಅದು ಮುಗಿದೇ ಹೋಯಿತು. ನಿಲ್ಲಿಸುವ ಜಾಗದಲ್ಲಿ ಕ್ಯಾರವಾನನ್ನು ತಾನೇ ಸರಿಸುವ ವಿದ್ಯುತ್ ಮೂವರ್ ಅಳವಡಿಸಿದರೆ ಅದರ ಸುಮಾರು ಮೂವತ್ತು ಕಿಲೋ ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. ಅಂದಾಜನ್ನು ನಂಬುವ ಹಾಗಿಲ್ಲ. ತುಂಬಿದ ಗಾಡಿಯನ್ನು ಒಮ್ಮೆ ವೇಬ್ರಿಡ್ಜ್ ಹತ್ತಿಸಿ ನೋಡಿದವರಿಗೆ ಬಹುತೇಕ ಆಶ್ಚರ್ಯವೇ ಕಾದಿರುತ್ತದೆ.

ಹೊಸಬರಿಗೆ ಬ್ರಿಟನ್ನಿನ ಕ್ಯಾರವಾನ್ ಸಂಘಗಳು ಹೇಳುವ ಸೂತ್ರ ಶೇ 85ರದ್ದು: ಕ್ಯಾರವಾನಿನ ಗರಿಷ್ಠ ತೂಕ ಕಾರಿನ ಕರ್ಬ್ ತೂಕದ ಶೇ 85ನ್ನು ದಾಟಬಾರದು. ಅನುಭವಿಗಳು ನೂರರವರೆಗೆ ಹೋಗಬಹುದು, ಅದಕ್ಕೂ ಮೇಲೆ ಯಾರಿಗೂ ಸಲ್ಲದು. ಇದು ಸಲಹೆಯೇ ಹೊರತು ಕಾನೂನಲ್ಲ. ಕಾರು ತಯಾರಕರು ಗೊತ್ತುಮಾಡಿದ ಮಿತಿಗಳದ್ದು ಬೇರೆ ಮಾತು. ಅವನ್ನು ಮೀರಿದರೆ ದಂಡ ತಪ್ಪಿದ್ದಲ್ಲ, ವಿಮೆಯ ತಕರಾರೂ ಹಿಂದೆಯೇ ಬರುತ್ತದೆ. ಕಾರಿನ ಬಾಗಿಲಸಂದಿನಲ್ಲೋ ಬಾನೆಟ್ ಕೆಳಗೋ ಅಂಟಿಸಿರುವ ಫಲಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: ತುಂಬಿದ ಕಾರಿನ ಗರಿಷ್ಠ ತೂಕ, ಕಾರು ಮತ್ತು ಕ್ಯಾರವಾನ್ ಸೇರಿದ ಗರಿಷ್ಠ ತೂಕ, ಮುಂದಿನ ಅಚ್ಚಿನದು, ಹಿಂದಿನ ಅಚ್ಚಿನದು. ಸಣ್ಣ ಕಾರಿನವರು ಎಡವುವುದು ಎರಡನೆಯ ಅಂಕಿಯಲ್ಲಿ. ಉದಾಹರಣೆಗೆ 1,250 ಕಿಲೋ ತೂಗುವ ಕಾರೊಂದನ್ನು ತೆಗೆದುಕೊಂಡರೆ, ಶೇ 85ರ ಸೂತ್ರದ ಪ್ರಕಾರ ಅದು 1,062 ಕಿಲೋವರೆಗಿನ ಕ್ಯಾರವಾನ್ ಎಳೆಯಬಹುದು. ಕೈಪಿಡಿಯಲ್ಲಿ 1,200 ಕಿಲೋ ಎಂದೇ ಬರೆದಿರಬಹುದು. ಆದರೆ ಸೇರಿದ ತೂಕದ ಮಿತಿ 2,750 ಆಗಿದ್ದು, ಗಂಡ ಹೆಂಡತಿ ಇಬ್ಬರು ಮಕ್ಕಳು ಸಾಮಾನು ಎಲ್ಲ ಸೇರಿ ಕಾರು ತನ್ನ ಪೂರ್ತಿ ಮಿತಿಯಾದ 1,750ಕ್ಕೆ ಮುಟ್ಟಿದ್ದರೆ, ಕ್ಯಾರವಾನಿಗೆ ಉಳಿಯುವುದು ಸಾವಿರ ಕಿಲೋ ಮಾತ್ರ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಎಳೆಯುವ ಸಾಮರ್ಥ್ಯ ಹೆಚ್ಚಾಗಿ ಖಾಲಿ ಕಾರಿನ ಸಾಮರ್ಥ್ಯವೇ.

ಕೆಲವು ಸಣ್ಣ ಕಾರುಗಳಿಗೆ ಎಳೆಯುವ ಅನುಮತಿಯೇ ಇರುವುದಿಲ್ಲ. ಫಲಕದಲ್ಲಿ ಸೇರಿದ ತೂಕದ ಅಂಕಿ ಇಲ್ಲದಿದ್ದರೆ ಅಥವಾ ಅದು ತುಂಬಿದ ಕಾರಿನ ಗರಿಷ್ಠ ತೂಕಕ್ಕೇ ಸಮನಾಗಿದ್ದರೆ ಆ ಕಾರು ಏನನ್ನೂ ಎಳೆಯಲು ಮಾನ್ಯವಲ್ಲ. ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಇನ್ನೊಂದು ವಿಚಿತ್ರವಿದೆ: ಬ್ಯಾಟರಿಯಿಂದಾಗಿ ಕರ್ಬ್ ತೂಕ ಹೆಚ್ಚು, ಸೂತ್ರದ ಪ್ರಕಾರ ದೊಡ್ಡ ಕ್ಯಾರವಾನೇ ಸರಿಹೊಂದಬೇಕು; ಆದರೆ ತಯಾರಕರು ಕೊಟ್ಟ ಎಳೆಯುವ ಮಿತಿ ಹಲವು ಮಾದರಿಗಳಲ್ಲಿ ಅದಕ್ಕಿಂತ ಬಹಳ ಕೆಳಗಿರುತ್ತದೆ. ಕ್ಯಾರವಾನ್ ಕಟ್ಟಿದ ವಿದ್ಯುತ್ ಕಾರು ಒಂದು ಚಾರ್ಜಿಗೆ ಓಡುವ ದೂರ ಅರ್ಧದಷ್ಟಕ್ಕೆ ಇಳಿಯುವುದೂ ಉಂಟು.

ಎಳೆಯುವ ಮಿತಿಯನ್ನು ಗೊತ್ತುಮಾಡುವಾಗ ಶೇ 12ರ ಏರಿನಲ್ಲಿ ನಿಂತ ಕಾರು ಮತ್ತೆ ಹೊರಡಬಲ್ಲದೇ ಎಂಬುದನ್ನು ನೋಡುತ್ತಾರೆ. ಹೊರಡುವುದು ಬೇರೆ, ಆರಾಮಾಗಿ ಹತ್ತುವುದು ಬೇರೆ. ಒಟ್ಟು 2,400 ಕಿಲೋದ ಜೋಡಿ ಅಂಥ ಏರನ್ನು ಗಂಟೆಗೆ 50 ಕಿ.ಮೀ. ವೇಗದಲ್ಲಿ ಹತ್ತಲು ಏರಿನ ಪಾಲಿಗೇ ಸುಮಾರು 39 ಕಿಲೋವ್ಯಾಟ್ ಬೇಕು. ಗಾಳಿ ಮತ್ತು ಚಕ್ರಗಳ ಪ್ರತಿರೋಧ ಇದರ ಮೇಲೆ. ಸಮತಟ್ಟು ಹೆದ್ದಾರಿಯಲ್ಲಿ ಕಾಡುವುದು ಗಾಳಿ. ಸಣ್ಣ ಕಾರು ಗಾಳಿಗೆ ಒಡ್ಡುವ ಮುಖಕ್ಕಿಂತ ಕ್ಯಾರವಾನಿನ ಮುಖ ಎರಡು ಪಟ್ಟಿಗೂ ಹೆಚ್ಚು. ಇಂಧನದ ಖರ್ಚು ಮೂರನೇ ಒಂದು ಪಾಲಿಗೂ ಮೀರಿ ಏರುವುದು ಇದರಿಂದಲೇ. ಎತ್ತರದ ಊರುಗಳಲ್ಲಿ ಗಾಳಿ ತೆಳುವಾಗುವುದರಿಂದ ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಮೀಟರಿಗೆ ಸುಮಾರು ಹತ್ತನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಆಲ್ಪ್ಸ್ ದಾಟುವವರಿಗೆ ಇದು ಲೆಕ್ಕಕ್ಕೆ ಬರುವ ಮಾತು.

ತೂಕ ಎಷ್ಟು ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಒಂದೇ ಅಚ್ಚಿನ ಕ್ಯಾರವಾನ್ ಮೂಲತಃ ಎರಡು ಚಕ್ರದ ಗಾಡಿ. ಎತ್ತಿನ ಗಾಡಿ ಹೂಡಿದವರಿಗೆ ಇದರ ನ್ಯಾಯ ಹೊಸದಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಕೊರಳಪಟ್ಟಿ ಎತ್ತಿನ ಗಂಟಲಿಗೆ ಬಿಗಿಯುತ್ತದೆ. ಮುಂಭಾರ ಅತಿಯಾದರೆ ನೊಗ ಹೆಗಲು ಮುರಿಯುತ್ತದೆ. ಅದಕ್ಕೇ ಹೇರನ್ನು ನೊಗದ ಮೇಲೆ ಸ್ವಲ್ಪವೇ ಮುಂಭಾರ ಕೂರುವಂತೆ ಹೊಂದಿಸುತ್ತಾರೆ. ಕ್ಯಾರವಾನಿನಲ್ಲಿ ಕೊಂಡಿಯ ಗುಂಡಿನ ಮೇಲೆ ಬೀಳುವ ಈ ಮುಂಭಾರವನ್ನು ನೋಸ್ ವೇಟ್ ಎನ್ನುತ್ತಾರೆ. ತುಂಬಿದ ಕ್ಯಾರವಾನಿನ ತೂಕದ ಶೇ 5ರಿಂದ 7ರಷ್ಟು ಮುಂಭಾರ ಇರುವುದು ವಾಡಿಕೆ. ಸಾವಿರ ಕಿಲೋದ ಗಾಡಿಗೆ 50ರಿಂದ 70 ಕಿಲೋ. ಸಣ್ಣ ಕಾರುಗಳ ಕೊಂಡಿಗೆ ತಯಾರಕರು ಕೊಡುವ ಮಿತಿ ಕೆಲವೊಮ್ಮೆ 50 ಕಿಲೋ ಮಾತ್ರ. ಆಗ ಕ್ಯಾರವಾನನ್ನು ಹಿಂಭಾರ ಮಾಡಿ ಆ ಮಿತಿಯೊಳಗೆ ತರುವುದಕ್ಕಿಂತ ಇನ್ನೂ ಹಗುರದ ಕ್ಯಾರವಾನ್ ಹುಡುಕುವುದು ಲೇಸು. ಅಳೆಯಲು ವಿಶೇಷ ಮಾಪಕಗಳಿವೆ. ಬಚ್ಚಲುಮನೆಯ ತಕ್ಕಡಿಯ ಮೇಲೆ ತಕ್ಕ ಎತ್ತರದ ಮರದ ತುಂಡು ನಿಲ್ಲಿಸಿ, ಅದರ ಮೇಲೆ ಕೊಂಡಿಯನ್ನು ಇಳಿಸಿದರೂ ಸಾಕು, ಗಾಡಿ ಸಮತಟ್ಟಾಗಿ ನಿಂತಿರಬೇಕು ಅಷ್ಟೆ.

ಈ ಮುಂಭಾರ ಕಾರನ್ನು ಸನ್ನೆಯಂತೆ ಒತ್ತುತ್ತದೆ. ಕೊಂಡಿ ಹಿಂದಿನ ಅಚ್ಚಿನಿಂದ 0.9 ಮೀಟರ್ ಹಿಂದಿದ್ದು, ಎರಡು ಅಚ್ಚುಗಳ ಅಂತರ 2.5 ಮೀಟರ್ ಇರುವ ಕಾರಿನಲ್ಲಿ 70 ಕಿಲೋ ಮುಂಭಾರ ಹಿಂದಿನ ಅಚ್ಚಿಗೆ 95 ಕಿಲೋ ಸೇರಿಸಿ, ಮುಂದಿನ ಅಚ್ಚಿನಿಂದ 25 ಕಿಲೋ ಕಸಿದುಕೊಳ್ಳುತ್ತದೆ. ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಗಳಿಂದಲೇ ಓಡುವಂಥವು, ತಿರುಗುವುದೂ ಅವುಗಳಿಂದಲೇ. ಕಸಿದದ್ದು ಆ ಹಿಡಿತವನ್ನೇ. ಹಿಂದಿನ ಸೀಟಿನಲ್ಲಿ ಮಕ್ಕಳು, ಡಿಕ್ಕಿ ತುಂಬ ಸಾಮಾನು ಇದ್ದರಂತೂ ಬೇರೆಲ್ಲ ಮಿತಿಗಳಿಗಿಂತ ಮೊದಲು ಹಿಂದಿನ ಅಚ್ಚಿನ ಮಿತಿ ದಾಟಿರುತ್ತದೆ. ಕಾರಿನ ಬಾಲ ಕುಸಿದು ಹೆಡ್‌ಲೈಟುಗಳು ಆಕಾಶ ನೋಡತೊಡಗುವುದು ಅದರ ಹೊರಗುರುತು.

ಸಾಮಾನು ಜೋಡಿಸುವ ನಿಯಮ ಸರಳ: ಭಾರದ್ದು ಕೆಳಗೆ ನೆಲದ ಮೇಲೆ, ಅಚ್ಚಿನ ಆಸುಪಾಸಿನಲ್ಲಿ, ಹಗುರದ್ದು ಮೇಲಿನ ಕಪಾಟಿನಲ್ಲಿ, ತುದಿಗಳಲ್ಲಿ ಆದಷ್ಟು ಕಡಿಮೆ. ಮುಂದೆ ಗ್ಯಾಸ್ ಸಿಲಿಂಡರ್ ಇದೆಯೆಂದು ತೂಗಿಸಲು ಹಿಂದೆ ಸೈಕಲ್ ಕಟ್ಟುವವರಿದ್ದಾರೆ. ಮುಂಭಾರದ ಅಂಕಿ ಆಗ ಸರಿಯಾಗಿಯೇ ಬರುತ್ತದೆ, ಗಾಡಿ ಮಾತ್ರ ಕೆಡುತ್ತದೆ. ಗಾಡಿಯನ್ನು ಅಡ್ಡಕ್ಕೆ ತಿರುಗಿಸುವಾಗ ವಸ್ತುವೊಂದು ಒಡ್ಡುವ ಜಡತ್ವ ಅಚ್ಚಿನಿಂದ ಅದಿರುವ ದೂರದ ವರ್ಗಕ್ಕೆ ಅನುಗುಣ. ಅಚ್ಚಿನಿಂದ ಅರ್ಧ ಮೀಟರ್ ದೂರದಲ್ಲಿಟ್ಟ ಚೀಲವನ್ನು ಎರಡೂವರೆ ಮೀಟರ್ ದೂರದ ತುದಿಗೆ ಸಾಗಿಸಿದರೆ ಅದರ ಪಾಲು 25 ಪಟ್ಟಾಗುತ್ತದೆ. ಎರಡು ತುದಿಗೂ ಗುಂಡು ಕಟ್ಟಿದ ಕೋಲಿನಂತೆ, ಒಮ್ಮೆ ತೂಗತೊಡಗಿದ ಗಾಡಿ ನಿಲ್ಲಲು ಒಪ್ಪುವುದಿಲ್ಲ. ನೀರಿನ ಟ್ಯಾಂಕುಗಳನ್ನು ಖಾಲಿ ಮಾಡಿಯೇ ಹೊರಡುವುದು ತೂಕಕ್ಕೂ ಒಳ್ಳೆಯದು, ಇದಕ್ಕೂ ಒಳ್ಳೆಯದು.

ತೂಗಾಟವೇ ಕ್ಯಾರವಾನ್ ಚಾಲಕರು ಎಲ್ಲಕ್ಕಿಂತ ಹೆಚ್ಚು ಹೆದರುವ ಸಂಗತಿ. ಕ್ಯಾರವಾನ್ ಕೊಂಡಿಯ ಸುತ್ತ ಎಡಕ್ಕೊಮ್ಮೆ ಬಲಕ್ಕೊಮ್ಮೆ ಲೋಲಕದಂತೆ ಬೀಸುತ್ತ, ಕಾರಿನ ಬಾಲವನ್ನೂ ಜೊತೆಗೆಳೆಯುತ್ತ ಹಾವಿನಂತೆ ಹರಿಯುವುದಕ್ಕೆ ಸ್ನೇಕಿಂಗ್ ಎನ್ನುತ್ತಾರೆ. ಕಡಿಮೆ ವೇಗದಲ್ಲಿ ಟೈರುಗಳ ಹಿಡಿತ ಪ್ರತಿ ಬೀಸನ್ನೂ ತಗ್ಗಿಸುತ್ತ ಹೋಗುತ್ತದೆ. ವೇಗ ಏರಿದಂತೆ ಆ ತಡೆ ಕುಗ್ಗುತ್ತದೆ. ಪ್ರತಿ ಜೋಡಿಗೂ ಒಂದು ನಿರ್ಣಾಯಕ ವೇಗವಿದೆ. ಅದನ್ನು ದಾಟಿದ ಮೇಲೆ ಸಣ್ಣದೊಂದು ನೂಕು ಸಾಕು, ಬೀಸು ತಾನಾಗಿ ಬೆಳೆಯತೊಡಗುತ್ತದೆ. ಹಿಂಭಾರ, ತುದಿಗಳಲ್ಲಿ ತೂಕ, ಗಾಳಿ ಕಡಿಮೆಯಿರುವ ಟೈರು, ಕಾರಿಗಿಂತ ಭಾರವಾದ ಕ್ಯಾರವಾನ್, ಇವೆಲ್ಲ ಆ ವೇಗವನ್ನು ಕೆಳಗಿಳಿಸುತ್ತವೆ. ಸಣ್ಣ ಕಾರಿನ ತೊಂದರೆ ಇಲ್ಲಿ ಎರಡು ಬಗೆಯದು: ತೂಕವೂ ಕಡಿಮೆ, ಅಚ್ಚುಗಳ ಅಂತರವೂ ಕಡಿಮೆ, ಹಾಗಾಗಿ ಕೊಂಡಿಯಲ್ಲಿ ಬೀಳುವ ಅಡ್ಡ ನೂಕು ಅದನ್ನು ಬೇಗ ತಿರುಗಿಸುತ್ತದೆ. ಮೊದಲ ನೂಕು ಹೆಚ್ಚಾಗಿ ಹಿಂದಿಕ್ಕಿ ಹೋಗುವ ಲಾರಿ, ಕೋಚ್ ಬಸ್ಸುಗಳಿಂದ ಬರುತ್ತದೆ. ಅವು ಮುಂದೆ ತಳ್ಳಿಕೊಂಡು ಬರುವ ಗಾಳಿ ಮೊದಲು ಕ್ಯಾರವಾನನ್ನು ಆಚೆಗೆ ದೂಡುತ್ತದೆ, ಪಕ್ಕಕ್ಕೆ ಬಂದಾಗ ತಮ್ಮೆಡೆಗೆ ಸೆಳೆಯುತ್ತದೆ. ಸೇತುವೆಗಳ ಮೇಲಿನ ಅಡ್ಡಗಾಳಿ, ಇಳಿಜಾರು, ಕಟ್ ಹೊಡೆದಂತೆ ಮಾಡುವ ಲೇನ್ ಬದಲಾವಣೆ ಉಳಿದ ಕಾರಣಗಳು.

ಆಗ ಚಾಲಕ ಮಾಡಬೇಕಾದದ್ದು ಬಹಳ ಕಡಿಮೆ, ಕಷ್ಟವಿರುವುದೂ ಅಲ್ಲೇ. ಆಕ್ಸಿಲರೇಟರಿನಿಂದ ನಿಧಾನವಾಗಿ ಕಾಲು ತೆಗೆದು, ಸ್ಟೀರಿಂಗನ್ನು ನೇರಕ್ಕೆ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು. ಪ್ರತಿ ಬೀಸನ್ನೂ ಎದುರು ತಿರುಗಿಸಿ ಸರಿಪಡಿಸಲು ಹೋದರೆ ಕೈ ಯಾವಾಗಲೂ ಒಂದು ಗಳಿಗೆ ತಡವಾಗುತ್ತದೆ. ತಡವಾದ ತಿದ್ದುಪಡಿ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ನೂಕಿದಂತೆ ಬೀಸಿಗೆ ಬಲ ಕೊಡುತ್ತದೆ. ಜೋರಾಗಿ ಬ್ರೇಕ್ ಒತ್ತುವುದು ಅಪಾಯ. ವೇಗ ಹೆಚ್ಚಿಸಿ ಎಳೆದುಕೊಂಡರೆ ನೇರವಾಗುತ್ತದೆ ಎಂಬ ಹಳಬರ ಮಾತು ಇನ್ನೂ ಅಪಾಯ. ಗಾಡಿಯನ್ನು ಅದು ನಿರ್ಣಾಯಕ ವೇಗದ ಆಚೆಗೇ ಒಯ್ಯುತ್ತದೆ. ಒಮ್ಮೆ ತೂಗಾಡಿದ ಗಾಡಿಯನ್ನು ನಿಲ್ಲಿಸಿ, ಹೇರನ್ನು ಮತ್ತೆ ಜೋಡಿಸದೆ ಮುಂದೆ ಹೋಗುವುದು ವಿವೇಕವಲ್ಲ.

ತೂಗಾಟ ತಡೆಯುವ ಸಾಧನಗಳು ಎರಡು ತರಹ. ಆಲ್-ಕೋ ಮತ್ತು ವಿಂಟರ್‌ಹಾಫ್ ಕಂಪನಿಗಳ ಸ್ಟೆಬಿಲೈಸರ್ ಕೊಂಡಿಗಳು ಗುಂಡನ್ನು ಘರ್ಷಣೆಯ ಪಟ್ಟಿಗಳ ನಡುವೆ ಬಿಗಿಯಾಗಿ ಹಿಡಿದು ತಿರುಗುವಿಕೆಗೆ ತಡೆ ಒಡ್ಡುತ್ತವೆ. ಇವುಗಳಿಗೆ ಗುಂಡು ಒಣಗಿರಬೇಕು. ಸಾದಾ ಕೊಂಡಿಗೆ ಗ್ರೀಸ್ ಹಚ್ಚಿ ರೂಢಿಯಾದವರು ಇಲ್ಲೂ ಹಚ್ಚಿದರೆ ಪಟ್ಟಿಗಳು ಹಾಳು. ಎರಡನೆಯದು ಕ್ಯಾರವಾನಿನ ಅಡಿಯಲ್ಲಿ ಕೂರುವ ಎಲೆಕ್ಟ್ರಾನಿಕ್ ವ್ಯವಸ್ಥೆ. ಅಡ್ಡ ಚಲನೆ ಮಿತಿ ದಾಟಿದ ಕೂಡಲೇ ಕ್ಯಾರವಾನಿನ ಬ್ರೇಕುಗಳನ್ನಷ್ಟೇ ಹಾಕಿ ಜೋಡಿಯನ್ನು ನೇರಕ್ಕೆ ಎಳೆಯುತ್ತದೆ. ಈಚಿನ ಹಲವು ಕಾರುಗಳ ಸ್ಥಿರತಾ ನಿಯಂತ್ರಣದಲ್ಲೂ ಇಂಥದೊಂದು ಭಾಗ ಸೇರಿದೆ. ಕೆಟ್ಟ ಹೇರನ್ನು ಇವು ಯಾವುವೂ ಒಳ್ಳೆಯದು ಮಾಡುವುದಿಲ್ಲ, ಅದು ತಡವಾಗಿ ಗೊತ್ತಾಗುವಂತೆ ಮಾಡುತ್ತವೆ ಅಷ್ಟೆ.

ಬ್ರೇಕಿನ ಏರ್ಪಾಟು ಸ್ವಾರಸ್ಯಕರ. ಕ್ಯಾರವಾನಿನ ಬ್ರೇಕಿಗೂ ಕಾರಿನ ಪೆಡಲಿಗೂ ಸಂಬಂಧವಿಲ್ಲ. ಕಾರು ನಿಧಾನವಾದಾಗ ಹಿಂದಿನಿಂದ ಬರುವ ಕ್ಯಾರವಾನ್ ಅದನ್ನು ದೂಡುತ್ತದೆ; ಕೊಂಡಿಯ ದಂಡ ಒಳಕ್ಕೆ ಜಾರಿ, ಸರಳೊಂದರ ಮೂಲಕ ಚಕ್ರಗಳ ಡ್ರಮ್ ಬ್ರೇಕನ್ನು ಎಳೆಯುತ್ತದೆ. ಓವರ್‌ರನ್ ಬ್ರೇಕ್ ಎಂದು ಇದರ ಹೆಸರು. ಬ್ರೇಕ್ ಇಲ್ಲದ ಟ್ರೇಲರನ್ನು ಬ್ರಿಟನ್ನಿನಲ್ಲಿ 750 ಕಿಲೋ ಅಥವಾ ಕಾರಿನ ಕರ್ಬ್ ತೂಕದ ಅರ್ಧ, ಯಾವುದು ಕಡಿಮೆಯೋ ಅಲ್ಲಿಯವರೆಗೆ ಮಾತ್ರ ಎಳೆಯಬಹುದು. ಕೊಂಡಿ ಕಳಚಿಕೊಂಡರೆ ಕೆಲಸಕ್ಕೆ ಬರುವುದು ಬ್ರೇಕ್‌ಅವೇ ಕೇಬಲ್ ಎಂಬ ತೆಳ್ಳಗಿನ ತಂತಿ. ಕಾರಿಗೆ ಸಿಕ್ಕಿಸಿದ ಆ ತಂತಿ ಕ್ಯಾರವಾನಿನ ಹ್ಯಾಂಡ್‌ಬ್ರೇಕನ್ನು ಎಳೆದು, ಬಳಿಕ ತಾನು ತುಂಡಾಗುತ್ತದೆ. ಅದನ್ನು ಗುಂಡಿನ ಕುತ್ತಿಗೆಗೆ ಸುಮ್ಮನೆ ಸುತ್ತಿ ಬಿಡುವವರು ಬಹಳ. ಗುಂಡನ್ನು ಕಾರಿಗೆ ಜೋಡಿಸುವ ಟೋ ಬಾರಿನಲ್ಲಿ ಅದಕ್ಕೆಂದೇ ಬಳೆ ಇರುವಾಗ ಸುತ್ತುವುದು ಸರಿಯಲ್ಲ. ಗುಂಡಿನಿಂದ ಜಾರಿದರೆ ತಂತಿ ಎಳೆಯುವುದೇ ಇಲ್ಲ.

1998ರ ಆಗಸ್ಟ್ 1ರಿಂದೀಚೆಗೆ ರಸ್ತೆಗಿಳಿದ ಕಾರುಗಳಿಗೆ ಬ್ರಿಟನ್ನಿನಲ್ಲಿ ಆ ಮಾದರಿಗೆ ಮಾನ್ಯತೆ ಪಡೆದ ಟೋ ಬಾರನ್ನೇ ಹಾಕಿಸಬೇಕು. ಗುಂಡಿನ ವ್ಯಾಸ 50 ಮಿ.ಮೀ.; ತುಂಬಿದ ಕಾರಿನಲ್ಲಿ ಅದರ ನಡುಬಿಂದು ನೆಲದಿಂದ 350ರಿಂದ 420 ಮಿ.ಮೀ. ಎತ್ತರದಲ್ಲಿರಬೇಕು. ಹಿಂದಿನ ದೀಪಗಳಿಗೆ ವಿದ್ಯುತ್ ಕೊಡುವ ಪ್ಲಗ್ ಈಗ 13 ಪಿನ್ನಿನದು, ಹಳೆಯ ಕ್ಯಾರವಾನುಗಳಲ್ಲಿ ಏಳರ ಎರಡು ಪ್ಲಗ್ಗುಗಳು. ಕೊಂಡಿ ಕೂರಿಸಿದ ಮೇಲೆ ಮುಂದಿನ ಪುಟ್ಟ ಚಕ್ರವನ್ನು ತಿರುಗಿಸಿ ಕ್ಯಾರವಾನನ್ನು ಎತ್ತಿ ನೋಡುವುದು ಒಳ್ಳೆಯ ಅಭ್ಯಾಸ. ಕಾರಿನ ಬಾಲವೂ ಜೊತೆಗೆ ಎದ್ದರೆ ಕೊಂಡಿ ಕಚ್ಚಿದೆ ಎಂದರ್ಥ.

ಕ್ಯಾರವಾನಿನ ಟೈರುಗಳು ಸವೆದು ಹೋಗುವುದಕ್ಕಿಂತ ಮುಪ್ಪಾಗಿ ಹೋಗುವುದೇ ಹೆಚ್ಚು. ವರ್ಷದಲ್ಲಿ ಹತ್ತು ತಿಂಗಳು ಒಂದೇ ಕಡೆ ಭಾರ ಹೊತ್ತು ನಿಂತ ರಬ್ಬರು ಗೋಡೆಗಳಲ್ಲಿ ಬಿರುಕು ಬಿಡುತ್ತದೆ. ಕಾನೂನು ಕೇಳುವ 1.6 ಮಿ.ಮೀ. ಗೀರು ಉಳಿದಿದ್ದರೂ ಐದು ವರ್ಷ ದಾಟಿದ ಟೈರನ್ನು ಬದಲಿಸಲು, ಏಳು ಮೀರದಂತೆ ನೋಡಿಕೊಳ್ಳಲು ಸಂಘಗಳು ಹೇಳುತ್ತವೆ. ಚಕ್ರ ಬಿಚ್ಚಿ ಹಾಕಿದ ಮೇಲೆ ಬೋಲ್ಟುಗಳನ್ನು ಟಾರ್ಕ್ ಪಾನದಿಂದ ಬಿಗಿದು, ಸುಮಾರು 50 ಕಿ.ಮೀ. ಓಡಿದ ನಂತರ ಮತ್ತೆ ಪರೀಕ್ಷಿಸಬೇಕು. ಬೋಲ್ಟ್ ಸಡಿಲಾದ ಚಕ್ರದ ಸದ್ದು ಮುಂದೆ ಕಾರಿನಲ್ಲಿ ಕೂತವರಿಗೆ ಕೇಳಿಸುವುದಿಲ್ಲ.

ಕಾರಿನ ಲೈಸೆನ್ಸ್ ಇದ್ದವರೆಲ್ಲ 3,500 ಕಿಲೋವರೆಗಿನ ಟ್ರೇಲರ್ ಎಳೆಯಬಹುದೆಂದು 2021ರ ಡಿಸೆಂಬರ್ 16ರಿಂದ ಗ್ರೇಟ್ ಬ್ರಿಟನ್ನಿನಲ್ಲಿ ನಿಯಮ ಬದಲಾಯಿತು. ಅದಕ್ಕೆ ಮೊದಲು 1997ರ ನಂತರ ಲೈಸೆನ್ಸ್ ಪಡೆದವರು ದೊಡ್ಡ ಗಾಡಿಗೆ ಬೇರೆ ಪರೀಕ್ಷೆ ಪಾಸಾಗಬೇಕಿತ್ತು. ಕ್ಯಾರವಾನ್ 2.55 ಮೀಟರಿಗಿಂತ ಅಗಲ, 7 ಮೀಟರಿಗಿಂತ ಉದ್ದ ಇರಬಾರದು. ಅದು ಕಾರಿನ ಹಿಂಭಾಗಕ್ಕಿಂತ ಅಗಲವಾಗಿದ್ದರೆ ಕನ್ನಡಿಗಳಿಗೆ ಚಾಚುಗೈ ಬೇಕು. ಸಣ್ಣ ಕಾರಿಗೆ ಇದು ಬಹುತೇಕ ಯಾವಾಗಲೂ ಬೇಕಾಗುತ್ತದೆ. ಒಳಗೆ ಜನರನ್ನು ಕೂರಿಸಿಕೊಂಡು ಓಡಿಸುವಂತಿಲ್ಲ. ಒಂಟಿ ರಸ್ತೆಯಲ್ಲಿ ವೇಗಮಿತಿ ಗಂಟೆಗೆ 50 ಮೈಲಿ, ವಿಭಜಿತ ರಸ್ತೆ ಮತ್ತು ಮೋಟಾರುದಾರಿಯಲ್ಲಿ 60. ಮೂರು ಅಥವಾ ಹೆಚ್ಚು ಲೇನಿನ ಮೋಟಾರುದಾರಿಯಲ್ಲಿ ತೀರಾ ಬಲಗಡೆಯ ಲೇನ್ ನಿಷಿದ್ಧ. ಜರ್ಮನಿಯಲ್ಲಿ ಸಾಮಾನ್ಯ ಮಿತಿ 80 ಕಿ.ಮೀ., ತಪಾಸಣೆಯಾಗಿ ‘ಟೆಂಪೊ 100’ ಚೀಟಿ ಪಡೆದ ಜೋಡಿಗೆ ಮಾತ್ರ 100. ಅರವತ್ತು ಮೈಲಿ ಓಡಿಸಲು ಕಾನೂನು ಬಿಟ್ಟಿದ್ದರೂ ಸಣ್ಣ ಕಾರಿನವರು ಐವತ್ತರ ಆಸುಪಾಸಿನಲ್ಲಿ ಇರುವುದಕ್ಕೆ ಕಾರಣವಿದೆ: ಐವತ್ತರಿಂದ ಅರವತ್ತಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಶೇ 44ರಷ್ಟು ಹೆಚ್ಚುತ್ತದೆ.

ಓಡಿಸುವ ಕಲೆಯಲ್ಲಿ ಹೊಸದೇನೂ ಹೆಚ್ಚಿಲ್ಲ. ಕ್ಯಾರವಾನಿನ ಚಕ್ರಗಳು ತಿರುವಿನ ಒಳಮಗ್ಗುಲನ್ನು ಕತ್ತರಿಸಿಕೊಂಡು ಬರುವುದರಿಂದ ಕಾರು ತುಸು ಮುಂದೆ ಹೋಗಿ ತಿರುಗಬೇಕು. ಇಳಿಜಾರಿಗೆ ಬರುವ ಮೊದಲೇ ಕೆಳಗಿನ ಗೇರಿಗೆ ಬದಲಿಸಬೇಕು, ಇಲ್ಲವಾದರೆ ಓವರ್‌ರನ್ ಬ್ರೇಕ್ ಇಳಿಯುವಷ್ಟು ಹೊತ್ತೂ ಉಜ್ಜುತ್ತ ಕಾಯುತ್ತದೆ. ಏರುಗಳಲ್ಲಿ ಕೆಲವನ್ನು ಬಿಟ್ಟು ಸುತ್ತಿ ಹೋಗುವುದೇ ದಾರಿ. ಉತ್ತರ ಯಾರ್ಕ್‌ಷೈರಿನ ಸಟನ್ ಬ್ಯಾಂಕ್‌ನಲ್ಲಿ, ನಾಲ್ಕಡಿಗೆ ಒಂದಡಿ ಏರುವ ಎ170 ರಸ್ತೆಯಲ್ಲಿ, ಕ್ಯಾರವಾನುಗಳಿಗೆ ಪ್ರವೇಶವೇ ಇಲ್ಲ. ಸಾಮರ್‌ಸೆಟ್‌ನ ಪೋರ್ಲಾಕ್ ಏರೂ ಅಷ್ಟೇ ಕಡಿದು. ಅಲ್ಲಿ ಸುಂಕ ಕೊಟ್ಟು ಹೋಗುವ ಹಳೆಯ ಸುತ್ತುದಾರಿ ಇದೆ.

ಹಿಮ್ಮುಖ ಚಾಲನೆಯೊಂದನ್ನು ಕಲಿತೇ ಬರಬೇಕು. ಕ್ಯಾರವಾನಿನ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಮೊದಲು ಬಲಕ್ಕೆ. ಸ್ಟೀರಿಂಗನ್ನು ಕೆಳಗಡೆ ಹಿಡಿದುಕೊಂಡರೆ ಕೈ ಹೋದ ಕಡೆಗೇ ಕ್ಯಾರವಾನ್ ಹೋಗುತ್ತದೆ, ತಲೆಕೆಡಿಸಿಕೊಳ್ಳುವುದು ತಪ್ಪುತ್ತದೆ. ಬಾಗು ಹೆಚ್ಚಾಗಿ ಕಾರು ಕ್ಯಾರವಾನ್ ಮಡಚಿದ ಚಾಕುವಿನಂತೆ ಆಗುವ ಮೊದಲೇ ಮುಂದೆ ಎಳೆದು ನೇರ ಮಾಡಿಕೊಳ್ಳಬೇಕು. ಏರಿನಲ್ಲಿ ಹೀಗೆ ಹಿಂದೆ ಮುಂದೆ ಆಡುವಾಗ ಸಣ್ಣ ಕಾರಿನ ಕ್ಲಚ್ ನಿಮಿಷಗಳಲ್ಲಿ ಹೊಗೆಯಾಡಬಹುದು. ಮಳೆಯಲ್ಲಿ ನೆನೆದ ಹುಲ್ಲಿನ ಮೈದಾನದಲ್ಲಿ, ಮುಂಭಾರ ಕಸಿದುಕೊಂಡ ಆ 25 ಕಿಲೋ ಮತ್ತೆ ಲೆಕ್ಕಕ್ಕೆ ಬರುತ್ತದೆ: ಮುಂದಿನ ಚಕ್ರಗಳು ಇದ್ದಲ್ಲೇ ತಿರುಗಿ ಕೆಸರು ಎರಚುತ್ತವೆ. ಆಗ ಕೊಂಡಿ ಬಿಚ್ಚಿ, ಕ್ಯಾರವಾನನ್ನು ನಾಲ್ಕು ಜನ ಕೈಯಲ್ಲೇ ದೂಡಿ ಜಾಗಕ್ಕೆ ಸೇರಿಸುವುದು ವಾಡಿಕೆ. ಹಗುರದ ಗಾಡಿ ಕೊಂಡವರಿಗೆ ಮಾತ್ರ ಈ ಅನುಕೂಲ.